ಆಷಾಢದಲ್ಲಿ ಬದಲಾದ ದಾರ

ವಿರುಪಮ್ಮ ಬಗ್ಗಲಿಲ್ಲ.

ಅವಳ ಕೈಜಾರಿದ ತಟ್ಟೆ ನೆಲದ ಮೇಲೆ ಗಿರಗಿರ ತಿರುಗಿ ಒಲೆಯ ಪಕ್ಕದಲ್ಲಿ ನಿಂತಿತು. ಬೇರೆ ಯಾರಾದರೂ ಸೊಂಟ ಬಗ್ಗಿಸಿ ಎತ್ತಿಕೊಳ್ಳುತ್ತಿದ್ದರು. ವಿರುಪಮ್ಮ ಬೆನ್ನು ನೆಟ್ಟಗಿಟ್ಟುಕೊಂಡೇ ಕುಕ್ಕರುಗಾಲಿನಲ್ಲಿ ಕೂತು, ಎಡಗೈಯಿಂದ ಸೆರಗನ್ನು ಎದೆಗೆ ಒತ್ತಿ ಹಿಡಿದು, ಬಲಗೈಯಿಂದ ತಟ್ಟೆ ಎತ್ತಿದಳು. ಮತ್ತೆ ಹಾಗೆಯೇ ನೆಟ್ಟಗೆ ಎದ್ದಳು.

ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆಯ ಮೇಲೆ ಕೂತಿದ್ದ ತಾಯಕ್ಕ ಅದನ್ನು ನೋಡಿಯೂ ನೋಡದವಳಂತೆ ಮಜ್ಜಿಗೆಯ ಲೋಟವನ್ನು ಬಾಯಿಗಿಟ್ಟಳು.

"ಸೊಂಟ ಹಿಡದೈತೇನು ತಂಗಿ?"

"ಹೂಂನ್ರಿ ಅಕ್ಕಾ. ಹೊಳೆಮ್ಮ ಇಲ್ಲ ನೋಡ್ರಿ. ನೀರು ಸೇದೋದು, ಪಾತ್ರಿ ತಿಕ್ಕೋದು ಎಲ್ಲಾ ನನ್ನ ಮ್ಯಾಲೆ ಬಿದ್ದೈತಿ."

ಹೊಳೆಮ್ಮ ಎನ್ನುವಾಗ ಅವಳ ದನಿ ಇಳಿಯಿತು.

ಹೊಳೆಮ್ಮ ಆ ಮನೆಯ ಕೆಲಸದವಳು. ವಿರುಪಮ್ಮನ ತವರಾದ ಸಂಡೂರಿನಿಂದಲೇ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ಅವಳ ಹಿಂದೆ ಹೊಸಪೇಟೆಗೆ ಬಂದವಳು. ಒಡವೆಯ ಪೆಟ್ಟಿಗೆ ಬರಿದಾಗಿದೆ ಎಂದು ಗದ್ದಲವೆದ್ದ ದಿನವೇ ಪೊಲೀಸರು ಅವಳನ್ನು ಲಾಕಪ್ಪಿಗೆ ಹಾಕಿದ್ದರು. ದೂರು ಕೊಟ್ಟವನು ವಿರುಪಮ್ಮನ ಗಂಡ ಮೈಲಾರಲಿಂಗಪ್ಪ.

ಸಂಡೂರಿನ ಗುಡ್ಡಗಳಿಂದ ರೈಲಿನ ಸ್ಟೇಷನ್ನಿಗೆ ಅದಿರು ಹೊರುವ ಬಂಡಿಗಳ ಕಂತ್ರಾಟು ಅವನದು. ಅದಿರಿನ ಬೆಲೆ ಬಿತ್ತು. ಬಂಡಿಗಳು ಅಂಗಳದಲ್ಲಿ ಮೂಕಿ ಊರಿ ನಿಂತವು. ಎತ್ತುಗಳು ಒಂದೊಂದಾಗಿ ಸಾಲಕ್ಕೆ ಹೋದವು. ಇನ್ನು ಉಳಿದ ದಾರಿ ಒಂದೇ ಎಂದು ನಾಳೆ ಬಳ್ಳಾರಿಯ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಲು ಹೊರಟಿದ್ದ. ಊರವರ ಬಾಯಲ್ಲಿ ಅದು ಐಪಿ.

ಅವನ ವಕೀಲ ಪಾಲಪ್ಪನವರಿಗೆ ಮಾತ್ರ ನಿದ್ದೆಯಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಸರಿಯಾಗಿ ಬಂಗಾರ ಕಳುವಾಯಿತೆಂದರೆ ಯಾವ ಜಡ್ಜು ನಂಬುತ್ತಾನೆ? ಮುಚ್ಚಿಟ್ಟದ್ದು ಎಂದು ಬಯಲಾದರೆ ಸಾಲದಿಂದ ಬಿಡುಗಡೆಯ ಮಾತು ಹಾಗಿರಲಿ, ಜೈಲು. ಅದಕ್ಕೇ ಅವರು ತಾಯಕ್ಕನನ್ನು ಕಳಿಸಿದ್ದರು. ಬಳ್ಳಾರಿ ಜೈಲಿನ ಹೆಂಗಸರ ಕಡೆ ವಾರ್ಡರ್ ಆಗಿ ಕೂದಲು ನರೆಸಿಕೊಂಡವಳು ತಾಯಕ್ಕ. ಕೋರ್ಟಿನ ಅಮೀನರೂ ಪೊಲೀಸರೂ ಕಾಲಿಡಲಾರದ ಅಡುಗೆಮನೆಗಳಲ್ಲಿ ಕೂತು ಪತ್ತೆ ಮಾಡುವುದು ಈಗ ಅವಳ ಕಸುಬು.

ಹೊರಗಿನ ಜಗಲಿಯಿಂದ ದೊಡ್ಡ ಕೆಮ್ಮು ಕೇಳಿತು.

"ವಿರುಪಮ್ಮಾ, ಒಂದೀಟು ಮಜ್ಜಿಗಿ ಕಳಿಸವ್ವಾ. ಬಡ್ಡಿ ಅಂತೂ ಕೊಡಂಗಿಲ್ಲ, ಮಜ್ಜಿಗೆರ ಕುಡೀತೀನಿ."

ಅದು ಸಾಹುಕಾರ ಉಚ್ಚೆಂಗಪ್ಪ. ದಿನಾ ಉಂಡು ಬಂದು ಬಾಕಿದಾರನ ಜಗಲಿಯ ಮೇಲೆ ಕೂರುವುದು ಅವನ ವಸೂಲಿಯ ರೀತಿ. ಬೈಯುವುದಿಲ್ಲ, ಕೂಗುವುದಿಲ್ಲ. ಹೋಗಿಬರುವ ಬೀದಿಯೆಲ್ಲ ನೋಡಲಿ ಎಂದು ಕಾಲಾಡಿಸುತ್ತಾ ಕೂರುತ್ತಾನೆ.

ತಾಯಕ್ಕ ತಾನೇ ಲೋಟ ಹಿಡಿದು ಹೊರಗೆ ಹೋದಳು.

"ಏನ್ರಿ ಸಾಹುಕಾರ್ರೆ, ಈ ಜಗಲಿ ನಿಮ್ಮ ಹೆಸರಿಗೆ ಬರಸಿಕೊಂಡೀರೇನು?"

"ಎಲ್ಲೀದವ್ವಾ. ನಾಳೆ ಐಪಿ ಬಿತ್ತಂದ್ರ ಇಲ್ಲಿ ಕುಂದ್ರಾಕೂ ಕೋರ್ಟು ಬಿಡಂಗಿಲ್ಲಂತ. ಇಷ್ಟು ತಂಪನ್ನ ಜಗಲಿ ನನ್ನ ಮನ್ಯಾಗೂ ಇಲ್ಲ ನೋಡು. ಬಾಕಿ ಹೋತಲ್ಲ ಅನ್ನೋದಕ್ಕಿಂತ ಈ ತಂಪು ಹೋತಲ್ಲ ಅಂತ ಸಂಕಟ."

"ಕಳವಾದ ದಿನಾನೂ ಇಲ್ಲೇ ಇದ್ರೇನು?"

"ಇರದ ಎಲ್ಲಿ ಹೋಗ್ಲಿ?"

"ಯಾರು ಬಂದ್ರು, ಯಾರು ಹೋದ್ರು?"

ಉಚ್ಚೆಂಗಪ್ಪ ಮೀಸೆಯ ಮಜ್ಜಿಗೆ ಒರೆಸಿಕೊಂಡ. "ಆ ಹುಡುಗಿ ಹೊಳೆಮ್ಮ ಕಸ ಚೆಲ್ಲಾಕ ಬಂದಿದ್ಲು. ಬರಿಗೈಲೆ ಒಳಗ ಹೋದ್ಲು. ಹಿತ್ತಲಾಗ ಬಾಗಿಲ ಇಲ್ಲ. ಕಳ್ಳ ಬಂದಿದ್ರ ನಾ ಬಿಡ್ತಿದ್ನೇನು? ಆ ಬಂಗಾರದಾಗ ನನ್ನ ಪಾಲೂ ಐತೆವ್ವಾ! ಈ ಮನಿಗೆ ನನ್ನಂಥಾ ಕಾವಲುಗಾರ ಎಲ್ಲಿ ಸಿಗಬೇಕು, ಅದೂ ಪಗಾರ ಇಲ್ದ."

ತಾಯಕ್ಕ ನಕ್ಕು ಒಳಗೆ ಬಂದಳು. ನಗು ಹೊಸ್ತಿಲಲ್ಲೇ ನಿಂತಿತು.

ಅಂದಮೇಲೆ ಆ ದಿನ ಬಂಗಾರ ಮನೆಯಿಂದ ಹೊರಗೆ ಹೋಗಿಲ್ಲ. ಮೊದಲೇ ಹೋಗಿರಬೇಕು. ಇಲ್ಲವೇ ಈಗಲೂ ಮನೆಯಲ್ಲೇ ಇರಬೇಕು.

ವಿರುಪಮ್ಮ ಮಜ್ಜಿಗೆಯ ಗಡಿಗೆಯನ್ನು ನೆಲುವಿಗೆ ಏರಿಸುತ್ತಿದ್ದಳು. ಕೈ ಮೇಲೆತ್ತಿದಾಗ ಸೆರಗು ಜಾರಿ ಹಿಂಗತ್ತು ಕಂಡಿತು. ಅರಿಶಿನದ ದಾರ. ಎತ್ತಿನ ಮೂಗುದಾರದಷ್ಟು ದಪ್ಪ. ಬಣ್ಣ ಇನ್ನೂ ಹಸಿಯಾಗಿ, ನಿನ್ನೆಯೋ ಮೊನ್ನೆಯೋ ಅದ್ದಿ ತೆಗೆದಂತಿತ್ತು.

ತಾಯಕ್ಕ ಮಣೆಯ ಮೇಲೆ ಮತ್ತೆ ಕೂತಳು. ಅವಸರ ಮಾಡಲಿಲ್ಲ. ಜೈಲಿನಲ್ಲಿ ಅವಳು ಕಲಿತ ಒಂದು ಮಾತೆಂದರೆ, ಹೆಂಗಸರಿಗೆ ಮೊದಲು ಅವರ ಪ್ರಶ್ನೆ ಕೇಳಲು ಬಿಡಬೇಕು.

ಆ ಪ್ರಶ್ನೆ ಬಂತು.

"ಅಕ್ಕಾ, ಐಪಿ ಹಾಕಿದ್ರ ಖರೇವಂದ್ರೂ ಎಲ್ಲಾ ಸಾಲ ಹೋಗ್ತಾವೇನ್ರಿ?"

"ಇದ್ದದ್ದೆಲ್ಲಾ ಕೋರ್ಟಿಗೆ ಒಪ್ಪಿಸಬೇಕು. ಕೋರ್ಟಿನ ರಿಸೀವರು ಅದನ್ನ ಮಾರಿ ಸಾಲ ಕೊಟ್ಟೋರಿಗೆ ಹಂಚ್ತಾರ. ನೀಯತ್ತಿಂದ ನಡಕೊಂಡಾನ ಅಂತ ಕೋರ್ಟಿಗೆ ಅನಿಸಿದ್ರ ಉಳಿದದ್ದಕ್ಕ ಬಿಡುಗಡಿ ಕೊಡ್ತದ. ಆಮ್ಯಾಲೆ ಯಾರೂ ಜಗಲಿ ಮ್ಯಾಲೆ ಬಂದು ಕುಂದ್ರಂಗಿಲ್ಲ."

"ಮಂದಿ ಉಗುಳ್ತಾರಲ್ರಿ."

"ಉಗುಳ್ತಾರ. ಸ್ವಲ್ಪ ದಿನ. ಆಮ್ಯಾಲೆ ಇನ್ನೊಬ್ಬರ ಮನಿ ಹುಡುಕ್ಕೊಂಡು ಹೋಗ್ತಾರ. ಬಡ್ಡಿ ಹಂಗಲ್ಲ ತಂಗಿ, ಅದು ಈ ಮನಿ ಬಿಟ್ಟು ಹೋಗಂಗಿಲ್ಲ. ಇದರಾಗ ಪಾಪ ಏನಿಲ್ಲ. ಬಿದ್ದವ ಏಳಾಕ ಇರೋ ದಾರಿ ಅದು."

ವಿರುಪಮ್ಮ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು.

"ಬಿಡುಗಡಿ ಅವರಿಗೆ ಅಲ್ಲೇನ್ರಿ? ನಾ ಪಕ್ಕದ ಮನಿ ಸುಂಕಮ್ಮನ ಹತ್ರ ಜ್ವಾಳ ತಂದೀನಿ. ಹಿಂದಿನ ಓಣ್ಯಾಗ ಎಣ್ಣಿ, ಬೆಲ್ಲ ತಂದೀನಿ. ಅವರು ಯಾರೂ ಬಂದು ಜಗಲಿ ಮ್ಯಾಲೆ ಕುಂತಿಲ್ಲ. ನೀರಿಗೆ ಹೋದಾಗ ನನ್ನ ಮುಖ ನೋಡಿ ಕೊಡ ಎತ್ತಿಕೊಂಡು ಹೋಗಿಬಿಡ್ತಾರ. ಅವರ ಹೆಸರು ವಕೀಲರು ಬರಕೊಂಡಾರೇನು?"

ಪಾಲಪ್ಪನವರ ಕಚೇರಿಯಲ್ಲಿ ಗಂಡಸರು ಕೂತು ಲೆಕ್ಕ ಹಾಕಿದ ಸಾಲಗಳಲ್ಲಿ ಸುಂಕಮ್ಮನ ಜೋಳ ಬಂದಿರಲಾರದು. ಈ ಹೆಣ್ಣು ತನ್ನ ಗಂಡನ ಜೊತೆ ತಾನೂ ಇನ್ನೊಂದು ದಿವಾಳಿಯಲ್ಲಿ ಮುಳುಗಿದ್ದಾಳೆ. ಅದಕ್ಕೆ ಕೋರ್ಟಿಲ್ಲ, ವಕೀಲನಿಲ್ಲ.

ಆದರೂ ಕೇಳಬೇಕಾದ್ದನ್ನು ಕೇಳಲೇಬೇಕು. ಲಾಕಪ್ಪಿನಲ್ಲಿ ಒಂದು ಜೀವವಿದೆ. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಅವಳ ಹೆಸರಿಗೆ ಕಳ್ಳಿ ಎಂಬುದು ಸಾಯುವವರೆಗೆ ಅಂಟಿಕೊಳ್ಳುತ್ತದೆ.

"ತಾಳಿದಾರ ಯಾವಾಗ ಬದಲಿಸಿದಿ ವಿರುಪಮ್ಮಾ?"

ಕಡ್ಡಿ ಬೂದಿಯಲ್ಲೇ ನಿಂತಿತು.

"ಹಳೇದು ಸವದಿತ್ರಿ."

"ಆಷಾಢ ನಡದೈತಿ. ಆಷಾಢದಾಗ ಯಾರು ದಾರ ಮುಟ್ತಾರ? ಸವದಿದ್ರ ಒಂದು ಗಂಟು ಹಾಕ್ಕೊಂಡು ಶ್ರಾವಣ ಬರೋತನಕ ಕಾಯ್ತಾರ. ನೀ ಕಾದಿಲ್ಲ. ಅಂದ್ರ ಅದು ಸವದಿಲ್ಲ, ಹರದೈತಿ."

ವಿರುಪಮ್ಮ ಕಡ್ಡಿಯನ್ನು ಕೆಳಗಿಟ್ಟಳು. ಕಣ್ಣು ತುಂಬಿ ಬಂದವು. ದಾರ ಹರಿದ ಗಳಿಗೆಯ ಭಯ ಅವಳ ಮುಖದ ಮೇಲೆ ಮತ್ತೊಮ್ಮೆ ಹಾದುಹೋಯಿತು.

"ಎರಡು ತಾಳಿ, ನಾಕು ಕರಿಮಣಿ. ಅಷ್ಟಕ್ಕ ದಾರ ಹರಿಯಂಗಿಲ್ಲ. ಮೂಗುದಾರದಂಥಾದ್ದು ಬೇಕಾಗೂದಿಲ್ಲ. ಬಗ್ಗಿದ್ರ ಜೋತು ಬಿದ್ದು ಕಾಣ್ತದ ಅಂತ ನೀ ಬಗ್ಗೂದು ಬಿಟ್ಟೀದಿ. ಸೆರಗು ಸರಸು ತಂಗಿ. ಇಲ್ಲಿ ನಾವಿಬ್ಬರೇ ಅದೀವಿ."

ವಿರುಪಮ್ಮ ಎದ್ದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದು, ತಾಯಕ್ಕನ ಎದುರಿಗೆ ಕೂತು, ಸೆರಗು ಸರಿಸಿದಳು.

ತಾಳಿಗಳ ಎರಡೂ ಕಡೆ ಗುಂಡುಗಳ ಸಾಲು. ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪ ಗುಂಡುಗಳು, ಹೊಟ್ಟೆಯವರೆಗೆ ಇಳಿಬಿದ್ದಿದ್ದವು. ಅರಗು ತುಂಬಿದ ಹಗುರ ಗುಂಡಿನಂತೆ ಅವು ಆಡುತ್ತಿರಲಿಲ್ಲ. ಕಲ್ಲಿನಂತೆ ಜಗ್ಗಿ ನಿಂತಿದ್ದವು.

"ಡಾಬು, ವಂಕಿ, ಕಾಸಿನ ಸರ, ಎಲ್ಲಾ ಇದರಾಗ ಐತ್ರಿ," ಎಂದಳು ವಿರುಪಮ್ಮ. "ಅಡಿಗಿ ಪಾತ್ರಿ, ಹಾಸಿಗಿ, ಉಟ್ಟ ಬಟ್ಟಿ, ತಾಳಿ, ಇಷ್ಟ ಬಿಟ್ಟು ಮನ್ಯಾಗಿನ ಒಂದು ಗುಲಗಂಜಿನೂ ಕೋರ್ಟಿನೋರು ಬಿಡಂಗಿಲ್ಲ ಅಂತ ನಮ್ಮ ಮನಿಯವರು ಹೇಳಿದ್ರು. ಅದಕ್ಕ ಎಲ್ಲಾನೂ ತಾಳಿಗೆ ಸೇರಿಸಿಬಿಟ್ಟೆ. ಹೊಸಪ್ಯಾಟ್ಯಾಗ ಮಾಡ್ಸಿದ್ರ ಊರಿಗೆಲ್ಲಾ ಗೊತ್ತಾಗ್ತದಂತ ಸಂಡೂರಿನ ಅಕ್ಕಸಾಲಿ ಹತ್ರ ಕಳಿಸಿ ಕರಗಿಸಿದೆ. ಅದು ಬ್ಯಾರೆ ಸಂಸ್ಥಾನ, ಬಳ್ಳಾರಿ ಅಮೀನ ಅಲ್ಲಿಗೆ ಬರಂಗಿಲ್ಲ."

ತಾಯಕ್ಕನಿಗೆ ಒಂದು ಕ್ಷಣ ನಗು ಬಂತು. ತುರುಬಿನಲ್ಲಿ ಮುಚ್ಚಿಟ್ಟವರನ್ನು ನೋಡಿದ್ದಳು, ರೊಟ್ಟಿಯ ಹಿಟ್ಟಿನಲ್ಲಿ ನಾದಿ ಇಟ್ಟವರನ್ನು ನೋಡಿದ್ದಳು. ಕಾಯಿದೆಯ ಮಾತನ್ನು ಇಷ್ಟು ನಂಬಿ, ಅದರೊಳಗೇ ಹೊಕ್ಕು ಅಡಗಿಕೊಂಡವರನ್ನು ನೋಡಿರಲಿಲ್ಲ.

"ನಿನ್ನ ಗಂಡಗ ಗೊತ್ತೈತೇನು?"

"ಇಲ್ರಿ. ಅವರು ಹೊರಗಿನ ಪಡಸಾಲ್ಯಾಗ ಮಲಗ್ತಾರ. ನನ್ನ ಕೊರಳ ಕಡೆ ನೋಡಿ ಎಷ್ಟು ದಿನ ಆತೋ ಏನೋ."

ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ಜೋಳ ಮುಗಿದಿದೆ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದಳು.

"ಇದೆಲ್ಲಾ ತವರಿಂದ ಬಂದದ್ದೇನು?"

"ಎಲ್ಲಾ ನಮ್ಮವ್ವ ಹಾಕಿದ್ದು. ಅವರು ಒಂದು ಮೂಗುಬಟ್ಟು ಮಾಡಿಸಿದ್ರು, ಅದು ಹೋದ ವರ್ಷ ಒತ್ತಿ ಬಿತ್ತು."

"ಹುಚ್ಚಿ! ತವರಿನ ಬಂಗಾರ ಹೆಣ್ಣಿನ ಸ್ವಂತದ್ದು. ಗಂಡನ ಸಾಲಕ್ಕ ರಿಸೀವರು ಅದನ್ನ ಮುಟ್ಟಂಗಿಲ್ಲ. ಪೆಟ್ಟಿಗ್ಯಾಗ ಇಟ್ಟುಕೊಂಡು, ಇದು ನಂದು, ನಮ್ಮವ್ವ ಕೊಟ್ಟದ್ದು ಅಂತ ಹೇಳಿದ್ರ ಮುಗೀತಿತ್ತು."

ವಿರುಪಮ್ಮ ಬಾಯಿ ತೆರೆದು ಕೂತಳು. "ನನಗ ಯಾರೂ ಹೇಳ್ಲಿಲ್ಲಲ್ರಿ."

"ವಕೀಲರು ನಿನ್ನ ಗಂಡಗ ಹೇಳ್ಯಾರ. ನನ್ನ ಮುಂದನ ಅಂದ್ರು."

"ಮರ್ತಿರಬೇಕು ಅಕ್ಕಾ. ಅವರಿಗೆ ಈಗ ತಲಿ ತಲ್ಯಾಗಿಲ್ಲ."

ಎಷ್ಟು ಬೇಗ ಬಂತು ಆ ಮಾತು! ಗಂಡನ ತಪ್ಪಿನ ಮೇಲೆ ಸೆರಗು ಹೊದಿಸುವುದು ಈ ಹೆಂಗಸರಿಗೆ ಉಸಿರಾಟದಷ್ಟೇ ರೂಢಿ ಎಂದುಕೊಂಡಳು ತಾಯಕ್ಕ. ಬಾಯಿಯಲ್ಲಿ ಆಡಿದ್ದು ಬೇರೆ.

"ಅದಿರ್ಲಿ. ಹೊಳೆಮ್ಮನ್ನ ಯಾಕ ಲಾಕಪ್ಪಿಗೆ ಕಳಿಸಿದಿ?"

"ನಾ ಕಳಿಸಲಿಲ್ರಿ! ಬಳ್ಳಾರಿಗೆ ಹೋಗೋಕ ಮುಂಚೆ ಒಡವಿ ಬರಸಬೇಕಂತ ಅವರು ಪೆಟ್ಟಿಗಿ ತಗದ್ರು. ನೋಡಿದ್ದ ಕಳವು ಅಂತ ಕೂಗಿದ್ರು. ನಾ ಬಾಯಿ ತಗಿಯೋದ್ರಾಗ ಓಣಿ ಮಂದಿ ಕೂಡಿಬಿಟ್ರು, ಉಚ್ಚೆಂಗಪ್ಪ ಒಳಗ ಬಂದ. ಅಷ್ಟು ಮಂದಿ ಮುಂದ ಕೊರಳಾಗ ಐತಿ ಅಂತ ಹೆಂಗ ಹೇಳ್ಲಿ? ಸಂಜಿಕ ಹೇಳಿದ್ರಾತು ಅಂದ್ಕೊಂಡೆ. ಸಂಜಿಕ ಅಕಿನ್ನ ಕರಕೊಂಡು ಹೋಗಿದ್ರು. ಮರುದಿನ ಹೇಳೋದು ಇನ್ನೂ ಕಷ್ಟ ಆತು. ದಿನಾ ಕಷ್ಟ ಆಗ್ಲಿಕತ್ತೈತಿ ಅಕ್ಕಾ. ಅನ್ನ ಇಳೀವಲ್ದು."

"ಸಂಡೂರಿಗೆ ಇದನ್ನ ಒಯ್ದಾಕಿ ಯಾರು?"

ಉತ್ತರ ಕೇಳಿಸದಷ್ಟು ಮೆಲ್ಲಗೆ ಬಂತು. "ಹೊಳೆಮ್ಮನ ರಿ. ಸಂಡೂರಾಗ ನನ್ನ ತಮ್ಮನ ಮನ್ಯಾಗ ಉಳದು, ಮಾಡಿಸಿಕೊಂಡು ಬಂದ್ಲು."

ತಾಯಕ್ಕ ಹುಬ್ಬು ಗಂಟಿಕ್ಕಿದಳು. ಹಾಗಾದರೆ ಲಾಕಪ್ಪಿನಲ್ಲಿ ಕೂತ ಹುಡುಗಿಗೆ ಎಲ್ಲವೂ ಗೊತ್ತು. ನಮ್ಮ ಅಮ್ಮಾರ ಕೊರಳು ನೋಡ್ರಿ ಎಂದು ಒಂದು ಮಾತು ಅಂದಿದ್ದರೆ ಅಂದೇ ಮನೆಗೆ ಬರುತ್ತಿದ್ದಳು. ಯಾಕೆ ಅನ್ನಲಿಲ್ಲ? ಇಷ್ಟೊಂದು ನಿಷ್ಠೆಯೇ?

"ಕುತ್ತಿಗಿ ಗಾಯ ಆಗಿರಬೇಕು. ಇತ್ತ ತಿರುಗು."

ದಾರ ಕೊರೆದು ಹಿಂಗತ್ತು ಕೆಂಪಾಗಿತ್ತು. ತಾಯಕ್ಕ ಕೊಬ್ಬರಿ ಎಣ್ಣೆ ಹಚ್ಚಿ, ಗುಂಡುಗಳನ್ನು ತುಸು ಎತ್ತಿ ಹಿಡಿದಳು. ಆಗ ಅವಳ ಕೈ ಹಾಗೇ ನಿಂತಿತು.

ಗುಂಡುಗಳು ತಾಗಿದ ಕಡೆಯೆಲ್ಲ ರವಿಕೆಯ ಬಿಳಿ ಬಟ್ಟೆಗೆ ಹಸಿರು ಕಲೆ. ಎದೆಯ ಚರ್ಮದ ಮೇಲೂ ತೆಳ್ಳಗೆ ಹಸಿರು ಗೆರೆ.

"ಇದೇನಿದು ತಂಗಿ?"

ವಿರುಪಮ್ಮ ಬೆರಳಿಂದ ಆ ಕಲೆಯನ್ನು ಒರೆಸಿ, ಮೂಗಿನ ಹತ್ತಿರ ಹಿಡಿದಳು. ಮುಖದ ರಕ್ತ ಇಳಿಯಿತು. ದಿನಾ ಹುಣಸೆಹಣ್ಣು ಹಚ್ಚಿ ಕೊಡ, ಬಿಂದಿಗೆ ತಿಕ್ಕುವ ಯಾವ ಹೆಂಗಸಿಗೂ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕಾರು ದಿನದಿಂದ ಅದು ತನ್ನ ಮೈಯಿಂದ ಬರುತ್ತಿತ್ತು. ಹೊಳೆಮ್ಮ ಇಲ್ಲದೆ ತಾನೇ ಪಾತ್ರೆ ತಿಕ್ಕುವುದರಿಂದ ಕೈಗೆ ಹತ್ತಿದೆ ಅಂದುಕೊಂಡಿದ್ದಳು.

"ಬಂಗಾರಕ್ಕ ಕಿಲುಬು ಬರಂಗಿಲ್ಲ," ಎಂದಳು ತಾಯಕ್ಕ.

ವಿರುಪಮ್ಮ ಎದ್ದು ದೇವರ ಗೂಡಿನಿಂದ ತೆಳ್ಳನೆಯ ಅರಿಶಿನದ ದಾರ ತಂದಳು. ಕೊರಳು ಒಂದು ಗಳಿಗೆಯೂ ಬರಿದಾಗಬಾರದೆಂಬ ಕ್ರಮ ತಪ್ಪಲಿಲ್ಲ. ಕರಿಮಣಿ ಕಟ್ಟಿದ ಹೊಸ ದಾರ ಮೊದಲು ಕೊರಳಿಗೆ ಬಿತ್ತು. ಆಮೇಲೆ ಹಳೆಯದರ ಗಂಟು ಬಿಚ್ಚಿ, ಎರಡು ತಾಳಿಗಳನ್ನು ಇದಕ್ಕೆ ಪೋಣಿಸಿಕೊಂಡಳು. ಆಷಾಢದಲ್ಲಿ ಎರಡನೆಯ ಸಲ. ಈ ಸಲ ಅವಳ ಮುಖದಲ್ಲಿ ಭಯವಿರಲಿಲ್ಲ. ಗುಂಡುಗಳನ್ನೆಲ್ಲ ಮೊರದಲ್ಲಿ ಸುರಿದು, ಒಂದನ್ನು ತಾಯಕ್ಕನ ಕೈಗೆ ಕೊಟ್ಟಳು.

ತಾಯಕ್ಕ ಅದನ್ನು ಒರಳುಕಲ್ಲಿನ ಅಂಚಿಗೆ ಗಸಗಸ ಉಜ್ಜಿದಳು. ಮೇಲಿನ ಹೊಳಪು ಹೋಯಿತು. ಅದರ ಕೆಳಗೆ ಹಿತ್ತಾಳೆ. ಇನ್ನೂ ಉಜ್ಜಿದಾಗ ಒಳಗಿನಿಂದ ಬೂದುಬಣ್ಣದ ಸೀಸ ಇಣುಕಿತು.

ತವರಿನ ಬಂಗಾರ ಕಾಪಾಡುತ್ತೇನೆಂದು ಹೊತ್ತದ್ದು, ಕತ್ತು ಕೊರೆಸಿಕೊಂಡದ್ದು, ಒಬ್ಬಳನ್ನು ಲಾಕಪ್ಪಿಗೆ ಹೋಗಲು ಬಿಟ್ಟದ್ದು, ಎಲ್ಲ ಈ ಸೀಸಕ್ಕಾಗಿ. ವಿರುಪಮ್ಮ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ತಾಯಕ್ಕನಿಗೆ.

ಅಷ್ಟರಲ್ಲಿ ಜಗಲಿಯಿಂದ ಉಚ್ಚೆಂಗಪ್ಪನ ದನಿ. "ಬರ್ರಿ ಕಂತ್ರಾಟುದಾರ್ರೆ, ಬರ್ರಿ! ನಿಮ್ಮ ಮನಿಗೆ ನೀವ ಬರಾಕ ನನ್ನ ಅಪ್ಪಣಿ ಏನ್ ಬೇಕಾಗಿಲ್ಲ."

ಅದಕ್ಕೆ ಉತ್ತರ ಕೊಡದೆ ಮೈಲಾರಲಿಂಗಪ್ಪ ನೇರವಾಗಿ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಬಂದ. ಬೆವರಿದ್ದ, ಆದರೆ ಮುಖ ಹಗುರಾಗಿತ್ತು.

"ಅಕ್ಕಾರ, ನೀವೂ ಇಲ್ಲೇ ಅದೀರಾ? ಛಲೋ ಆತು. ಠಾಣೆಯಿಂದ ಬಂದೆ. ಹೊಳೆಮ್ಮ ಒಪ್ಪಿಕೊಂಡಾಳ."

"ಏನಂತ?" ಎಂದಳು ವಿರುಪಮ್ಮ.

"ಏನಂತ ಅಂದ್ರ? ಬಂಗಾರ ತಾನ ಕದ್ದೀನಿ ಅಂತ. ಕಂಪ್ಲಿ ಹತ್ರ ಹರಿಗೋಲಿನಾಗ ಹೊಳಿ ದಾಟಿಸಿ ನಿಜಾಮನ ಸೀಮಿಗೆ ಕಳಿಸಿಬಿಟ್ಟಾಳಂತ. ಇನ್ನ ಅದು ಸಿಗಂಗಿಲ್ಲ. ವಕೀಲರು ಕೇಳಿದ್ರ ಪೊಲೀಸರ ಕಾಗದನ ತೋರಿಸಿದ್ರಾತು. ನಾಳೆ ಅರ್ಜಿ ಹಾಕಿಬಿಡೋದು."

ಆಗದ ಕಳವನ್ನು ಹೊಳೆಮ್ಮ ಒಪ್ಪಿಕೊಂಡಿದ್ದಾಳೆ. ಹೊಳೆಯನ್ನೂ ಹರಿಗೋಲನ್ನೂ ಕಲ್ಪಿಸಿ ಹೇಳಿದ್ದಾಳೆ.

ಮೈಲಾರಲಿಂಗಪ್ಪನ ಕಣ್ಣು ಆಗ ಮೊರದ ಮೇಲೆ ಬಿತ್ತು. ಉಜ್ಜಿದ ಗುಂಡು ತಾಯಕ್ಕನ ಮುಷ್ಟಿಯೊಳಗಿತ್ತು. ಮೊರದಲ್ಲಿದ್ದವು ಒಲೆಯ ಬೆಳಕಿಗೆ ಅಪ್ಪಟ ಬಂಗಾರದಂತೆ ಹೊಳೆಯುತ್ತಿದ್ದವು.

"ಆ ಹಿತ್ತಾಳಿ ಗುಂಡು ತಗದು ಒಳಗಿಡು," ಎಂದ ಬೇಸರದಿಂದ. "ವಕೀಲರ ಗುಮಾಸ್ತ ಬರೋನದಾನ. ನೋಡಿದ್ರ ಇಲ್ಲದ್ದೆಲ್ಲಾ ಕೇಳ್ತಾನ."

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು.

ತಾಯಕ್ಕ ವಿರುಪಮ್ಮನ ಕಡೆ ನೋಡಿದಳು. ಈ ಪ್ರಶ್ನೆಯನ್ನು ಕೇಳುವ ಹಕ್ಕು ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು.

"ಇವು ಹಿತ್ತಾಳಿ ಅಂತ ನಿಮಗ ಯಾರು ಹೇಳಿದ್ರಿ?" ಎಂದಳು ವಿರುಪಮ್ಮ.

ಮೈಲಾರಲಿಂಗಪ್ಪ ತಡವರಿಸಿದ. ಹೆಂಡತಿಯ ಕಡೆ ನೋಡಿದ, ತಾಯಕ್ಕನ ಮುಚ್ಚಿದ ಮುಷ್ಟಿಯ ಕಡೆ ನೋಡಿದ. ಅವನ ಹಗುರಾದ ಮುಖ ನೋಡನೋಡುತ್ತಲೇ ಮುದಿಯಾಯಿತು.

"ನನಗೂ ಈಗಷ್ಟ ಗೊತ್ತಾತು. ನೀವು ಇವನ್ನ ನೋಡೇ ಇಲ್ಲ, ಮುಟ್ಟಿಲ್ಲ," ಎಂದಳು ಅವಳು. ದನಿ ಏರಲಿಲ್ಲ. ಗುಂಡುಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. "ಅಕ್ಕಾ, ನಡೀರಿ. ಠಾಣೆಗೆ ನಾನೂ ಬರ್ತೀನಿ. ಹೊಳೆಮ್ಮ ಕದ್ದಿಲ್ಲ, ನಾನ ಕೊಟ್ಟು ಕಳಿಸಿದ್ದು ಅಂತ ಹೇಳ್ತೀನಿ. ಏನಾಗ್ತದೋ ಆಗ್ಲಿ."

ಅವನು ಅಡ್ಡ ಬರುತ್ತಾನೆ ಎಂದು ತಾಯಕ್ಕ ಸಿದ್ಧವಾಗಿ ನಿಂತಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕೂಗಾಡಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಹೋಗು," ಎಂದ. "ಹೋಗಿ ಹೇಳು. ಆದ್ರ ನೀ ಹಂಗಂದ ಗಳಿಗ್ಯಾಗ ಪೊಲೀಸರು ಸಂಸ್ಥಾನದೋರಿಗೆ ಬರದು ಸಂಡೂರಿನ ಅಕ್ಕಸಾಲಿ ಮನಿ ಹುಡುಕಿಸ್ತಾರ. ಬಂಗಾರ ತಗೊಂಡು ಹಿತ್ತಾಳಿ ಕೊಟ್ಟೋರು ಯಾರು ಅಂತ ಅವ ಹೇಳ್ತಾನ. ನಾನಲ್ಲ ವಿರುಪೀ. ದೂರು ಕೊಟ್ಟ ಮ್ಯಾಲೆ ಆ ಅಕ್ಕಸಾಲಿ ಬಂದು ನನಗ ಹೇಳಿದ. ಗೊತ್ತಾದ ಮ್ಯಾಲೆ ಸುಮ್ಮನಿದ್ದೆ, ಅದು ನನ್ನ ತಪ್ಪು. ತಗೊಂಡಾವ ನಿನ್ನ ತಮ್ಮ ಎರ್ರಿಯಪ್ಪ. ಅವನ ಹೆಸರು ಬರಬಾರ್ದು ಅಂತನ ಹೊಳೆಮ್ಮ ಕಳವು ತನ್ನ ಮ್ಯಾಲೆ ಹಾಕ್ಕೊಂಡಾಳ."

ವಿರುಪಮ್ಮ ಹೊಸ್ತಿಲಲ್ಲಿ ನಿಂತಳು. ತಾನೇ ಎತ್ತಿ ಆಡಿಸಿದ ತಮ್ಮ. ಇದು ಸುಳ್ಳು ಎಂದು ಕೂಗುತ್ತಾಳೆ ಎಂದುಕೊಂಡಳು ತಾಯಕ್ಕ. ಆಕೆ ಕೂಗಲಿಲ್ಲ. ಏನನ್ನೋ ಹಿಂದಿನಿಂದ ಒಂದೊಂದಾಗಿ ನೆನಪು ಮಾಡಿಕೊಳ್ಳುವವಳಂತೆ ಅಂಗಳದ ಬಂಡಿಗಳ ಕಡೆ ನೋಡುತ್ತಾ ನಿಂತಳು. ತಾಯಕ್ಕನ ಕಡೆ ತಿರುಗಿದಾಗ ಅವಳು ಕೇಳಿದ್ದು ಬಂಗಾರದ ಮಾತಲ್ಲ.

"ಅಕ್ಕಾ, ನನ್ನ ತಮ್ಮನ ಸಲುವಾಗಿ ಜೈಲಿಗೆ ಹೋಗಾಕ ಹೊಳೆಮ್ಮ ಅವನಿಗೆ ಏನಾಗಬೇಕ್ರಿ?"